ಉಣ್ಣೋ ವ್ರತ

ಶಾಲೆಯ ಬಾಗಿಲಿಗೆ ಬೀಗ ಬಿದ್ದು ಎಂಟು ದಿನವಾಗಿದ್ದರೂ ಅಡುಗೆಮನೆ ಮಾತ್ರ ತೆರೆದೇ ಇತ್ತು. ನಾರಾಯಣಮ್ಮ ದಿನವೂ ಒಂಬತ್ತಕ್ಕೆ ಬಂದು ಒಲೆ ಹಚ್ಚುತ್ತಿದ್ದಳು. ಹೆಂಚಿನ ಸಂದಿಯಲ್ಲಿ ಹೊಗೆ ಎದ್ದದ್ದು ಕಂಡರೆ ಸಾಕು, ಮಕ್ಕಳು ತಟ್ಟೆ ಹಿಡಿದು ಬಂದುಬಿಡುತ್ತಿದ್ದವು. ಹದಿನೆಂಟು ಮಕ್ಕಳು, ಹದಿನೆಂಟು ತಟ್ಟೆ. ಕಾಗದದ ಲೆಕ್ಕದಲ್ಲಿ ಅವಳಿಗೆ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಆದರೆ ಅವಳ ಜಾಗಕ್ಕೆ ಯಾರೂ ಬರಲಿಲ್ಲ, ಅವಳೂ ಬಿಡಲಿಲ್ಲ.

ತಮಿಳುನಾಡಿನ ಗಡಿಯಲ್ಲಿ, ಗುಮ್ಮಳಾಪುರದಿಂದ ಒಂದೂವರೆ ಮೈಲಿ ಒಳಕ್ಕೆ ಹೋದರೆ ಸಿಗುವ ಸಣ್ಣ ಹಳ್ಳಿ ಅದು. ಶಾಲೆಯ ಹಿಂದಿನ ಹುಣಸೆಮರ ಹತ್ತಿದರೆ ಆಚೆಗೆ ಕರ್ನಾಟಕ ಕಾಣುತ್ತದೆ. ಐದು ತರಗತಿಯ ಕನ್ನಡ ಶಾಲೆ, ಅದಕ್ಕೆ ಒಬ್ಬಳೇ ಟೀಚರು, ಶಶಿಕಲಾ. ಅವಲಪಲ್ಲಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ ಹುಡುಗಿ. ಹುಡುಗಿ ಅನ್ನುವುದು ನಾರಾಯಣಮ್ಮನ ಲೆಕ್ಕಕ್ಕೆ; ಆಕೆಗೂ ನಲವತ್ತು ಸಮೀಪಿಸಿತ್ತು. ಮುಷ್ಕರಕ್ಕೆ ಹೊರಡುವ ಹಿಂದಿನ ದಿನ ಅಡುಗೆಮನೆಗೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಮೊದಲು ಸೇರಿದವರಿಗೆ ಒಂದು ಸಂಬಳ, ಆಮೇಲೆ ಸೇರಿದವರಿಗೆ ಅದರಲ್ಲಿ ಅರ್ಧ, ಪಾಠ ಮಾತ್ರ ಇಬ್ಬರಿಗೂ ಒಂದೇ ಎಂದಿದ್ದಳು. ನಾರಾಯಣಮ್ಮನಿಗೆ ಅದು ತಟ್ಟನೆ ತಿಳಿಯಿತು. ಒಂದೇ ಒಲೆಯ ಮುಂದೆ ಇಬ್ಬರು ಬೆಂದರೆ ಒಬ್ಬಳಿಗೆ ತುಂಬಿದ ಸೌಟು, ಇನ್ನೊಬ್ಬಳಿಗೆ ಅರೆ ಸೌಟು ಯಾವ ನ್ಯಾಯ? ಹೋಗಿ ಬನ್ನಿ ಟೀಚರಮ್ಮ, ಮಕ್ಕಳನ್ನ ನಾನು ನೋಡ್ಕೊತೀನಿ ಎಂದು ಮಾತು ಕೊಟ್ಟಿದ್ದಳು.

ಕೊಟ್ಟ ಮಾತು ದಿನ ಕಳೆದಂತೆ ಭಾರವಾಯಿತು. ಮೊದಲ ದಿನ ಮಕ್ಕಳು ಕುಣಿದವು. ಮೂರನೆಯ ದಿನ ಕಿತ್ತಾಡಿದವು. ಆರನೆಯ ದಿನ ಎರಡನೇ ತರಗತಿಯ ಹುಡುಗನೊಬ್ಬ ಇದ್ದಿಲಿನಲ್ಲಿ ಅಡುಗೆಮನೆ ಗೋಡೆಗೆ ‘ಅಮ’ ಎಂದು ಬರೆದು, ಇನ್ನೊಂದು ‘ಮ’ ಎಲ್ಲಿಗೆ ಹೋಯಿತೆಂದು ತಲೆ ಕೆರೆದುಕೊಳ್ಳುತ್ತ ನಿಂತ. ಐದನೇ ತರಗತಿಯಲ್ಲಿದ್ದ ಅವನ ಅಕ್ಕ ಹರ್ಷಿತಾ ಒತ್ತಕ್ಷರ ಹಾಕಿಕೊಟ್ಟು ತಲೆಗೊಂದು ಮೊಟಕಿದಳು.

ಈ ಇಬ್ಬರ ಅಪ್ಪ ನಂದೀಶ್. ಕುಣಿಗಲ್ ಕಡೆಯಿಂದ ಬಂದು ಹೊಸೂರಿನ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿ, ಬಾಡಿಗೆ ಕಡಿಮೆಯೆಂದು ಈ ಹಳ್ಳಿಯಲ್ಲಿ ಮನೆ ಮಾಡಿದ್ದವನು. ಗುರುವಾರ ಅವನು ಅಡುಗೆಮನೆ ಬಾಗಿಲಿಗೆ ಬಂದು, ಸೋಮವಾರದಿಂದ ಇಬ್ಬರನ್ನೂ ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುತ್ತೇನೆಂದು ಹೇಳಿಹೋದ. ಶನಿವಾರ ತನಗೆ ವಾರದ ರಜೆ. ಟೀಚರು ಎಲ್ಲಿದ್ದರೂ ಹುಡುಕಿ ಟಿ.ಸಿ.ಗೆ ಸಹಿ ಹಾಕಿಸಿಕೊಂಡು ಬರುತ್ತೇನೆ ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ನಾರಾಯಣಮ್ಮನಿಗೆ ಹೆದರಿಕೆಯಾಯಿತು. ಕೋಪವಾದರೆ ಇಳಿಯುತ್ತದೆ. ಇದು ಯೋಚನೆ ಮಾಡಿ ಆಡಿದ ಮಾತು.

ನಂದೀಶ್ ತನ್ನ ಮಕ್ಕಳನ್ನು ಕಿತ್ತರೆ ಅವನನ್ನು ನೋಡಿಕೊಂಡು ಇನ್ನೂ ನಾಲ್ಕು ಮನೆಯವರು ಕೀಳುತ್ತಾರೆ. ಆಮೇಲೆ ಹತ್ತು ಮಕ್ಕಳೂ ಉಳಿಯುವುದಿಲ್ಲ. ಪಕ್ಕದ ಹಳ್ಳಿಯಲ್ಲಿ ಹಾಗೆಯೇ ಆಗಿತ್ತು. ಮಕ್ಕಳಿಲ್ಲವೆಂದು ಬೀಗ ಹಾಕಿದ ಶಾಲೆಯಲ್ಲಿ ಈಗ ಯಾರೋ ಹುಲ್ಲು ಒಟ್ಟಿದ್ದಾರೆ. ಟೀಚರು ಗೆದ್ದು ಬಂದಾಗ ಪಾಠ ಹೇಳಲು ಮಕ್ಕಳೇ ಇರದಿದ್ದರೆ ಏನು ಗೆದ್ದಂತಾಯಿತು?

ಮಾರನೆಯ ದಿನ ಶ್ಯಾಮಣ್ಣನ ಟೀ ಅಂಗಡಿಗೆ ತಮಿಳು ಪೇಪರು ಬಂತು. ಕೃಷ್ಣಗಿರಿಯಲ್ಲಿ ಶಾಮಿಯಾನದ ಕೆಳಗೆ ಸಾಲಾಗಿ ಕೂತ ಮೇಷ್ಟ್ರುಗಳ ಫೋಟೋ. ಎರಡನೆಯ ಸಾಲಿನಲ್ಲಿ ಶಶಿಕಲಾ ಟೀಚರು. ಫೋಟೋದ ಮೇಲಿನ ದಪ್ಪ ಅಕ್ಷರವನ್ನು ಓದುವವರು ಬೇಕಿತ್ತು. ಶಾಲೆಯಲ್ಲಿ ತಮಿಳೂ ಕಲಿಯುತ್ತಿದ್ದ ಹರ್ಷಿತಾಳನ್ನು ಕೂಗಿದರು. ಅವಳು ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ, ಉಣ್ಣಾ ವಿರದಂ ಎಂದು ಓದಿದಳು. ಅರ್ಥ ಕೇಳಿದರೆ ಗೊತ್ತಿಲ್ಲ ಅಂದಳು.

ಶ್ಯಾಮಣ್ಣನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ಆ ಧೈರ್ಯದ ಮೇಲೆ ತಮಿಳಿಗೂ ಅರ್ಥ ಹೇಳಿಬಿಟ್ಟ. “ಉಣ್ಣಾ ಅಂದ್ರೆ ಉಣ್ಣೋದು. ವಿರದಂ ಅಂದ್ರೆ ವ್ರತ. ಟೀಚರಮ್ಮ ಉಣ್ಣೋ ವ್ರತ ಹಿಡಿದವ್ರೆ ಕಣಕ್ಕ.”

ನಾರಾಯಣಮ್ಮನಿಗೆ ಇದು ಸರಿಯೆಂದೇ ತೋರಿತು. ಅವಳಿಗೆ ತಿಳಿದಿದ್ದ ತಮಿಳು ನಾಲ್ಕಾರು ಮಾತು, ಅವೆಲ್ಲ ಅನ್ನದ ಮಾತುಗಳೇ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಡುಗೆಮನೆಯ ಮೇಲೆ ‘ಸತ್ತುಣವು’ ಎಂದು ತಮಿಳಿನಲ್ಲಿ ಬರೆಸಿದ್ದರು. ಏನಮ್ಮ, ಸತ್ತ ಮೇಲೆ ಉಣ್ಣೋದಾ ಎಂದು ಊರೇ ನಕ್ಕಿತ್ತು. ಸತ್ತು ಅಂದರೆ ಅವರಲ್ಲಿ ಸತ್ವ, ಉಣವು ಅಂದರೆ ಊಟ ಎಂದು ಆಗಿನ ಮೇಷ್ಟ್ರು ಬಿಡಿಸಿ ಹೇಳಿದ್ದರು. ಉಣವು ಊಟವಾದರೆ ಉಣ್ಣಾ ಇನ್ನೇನಾದೀತು?

ಅಲ್ಲದೆ ಅವಳು ಕಂಡ ವ್ರತಗಳಲ್ಲಿ ಉಣಿಸುವುದೇ ಮುಖ್ಯ. ವ್ರತಕ್ಕೆ ಕೂತವರ ಕಡೆಯವರು ಅಡುಗೆ ಹೊತ್ತುಕೊಂಡು ಹೋಗಬೇಕು, ಹತ್ತು ಜನ ಉಂಡು ತೃಪ್ತಿಯಾದರೆ ವ್ರತ ಮುಗಿಯುತ್ತದೆ. ಟೀಚರಮ್ಮನ ಕಡೆಯಿಂದ ಯಾರು ಹೋಗಿದ್ದಾರೋ ಇಲ್ಲವೋ, ಅದಕ್ಕೇ ಇಷ್ಟು ದಿನ ಎಳೆಯುತ್ತಿದೆ ಎಂದುಕೊಂಡಳು. ನಂದೀಶನಿಗಿಂತ ಮುಂಚೆ ಹೋಗಿ ಉಣಿಸಿ, ಟೀಚರನ್ನು ಕರೆತರಬೇಕೆಂದು ತೀರ್ಮಾನಿಸಿದಳು.

ಅವರೆಕಾಯಿ ಕಾಲ. ಸಂಜೆ ಹದಿನೆಂಟು ಮಕ್ಕಳೂ ಅಡುಗೆಮನೆ ಜಗಲಿಯಲ್ಲಿ ಸುತ್ತ ಕೂತು ನೆನೆದ ಕಾಳು ಹಿದುಕಿದವು. ಸಿಪ್ಪೆಯಿಂದ ಚಿಮ್ಮಿದ ಬೇಳೆ ಒಬ್ಬರಿಂದೊಬ್ಬರ ಮುಖಕ್ಕೆ ಹಾರಿ ನಗೆಯೋ ನಗೆ. ಶನಿವಾರ ಕೋಳಿ ಕೂಗುವಾಗಲೇ ಎದ್ದು ನಾರಾಯಣಮ್ಮ ದೊಡ್ಡ ಪಾತ್ರೆ ತುಂಬ ಹಿದುಕಿದ ಬೇಳೆ ಸಾರು ಕಾಯಿಸಿ, ಅರವತ್ತು ರಾಗಿ ಮುದ್ದೆ ತಿರುವಿ ಬಟ್ಟೆ ಸುತ್ತಿದಳು. ಓದಲು ಒಬ್ಬರು ಬೇಕೆಂದು, ನಂದೀಶ್ ಇನ್ನೂ ಮಲಗಿರುವಾಗಲೇ ಹರ್ಷಿತಾಳ ತಾಯಿಯನ್ನು ಕೇಳಿ ಹುಡುಗಿಯನ್ನೂ ಹೊರಡಿಸಿದಳು. ಹೊಸೂರಿನವರೆಗೆ ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು. ಅಲ್ಲಿಂದ ಕೃಷ್ಣಗಿರಿಯ ಬಸ್ಸಿನಲ್ಲಿ ಪಾತ್ರೆಗೂ ಒಂದು ಟಿಕೆಟ್ ತೆಗೆಯಬೇಕೆಂದು ಕಂಡಕ್ಟರು ತಗಾದೆ ತೆಗೆದ. ಶೂಳಗಿರಿ ದಾಟುವ ಹೊತ್ತಿಗೆ ಅವರೆಯ ಸೊಗಡು ಬಸ್ಸೆಲ್ಲ ತುಂಬಿತು. ಅವನೇ ಬಂದು, ಪಾಟ್ಟಿ ಎಂದು ಅಜ್ಜಿಯನ್ನು ಕರೆದು, ಎಲ್ಲಿ ಮದುವೆ ಎಂದು ಕೇಳಿದ.

ಶಾಮಿಯಾನದೊಳಗೆ ನೂರಕ್ಕೂ ಹೆಚ್ಚು ಜನ ಬಾಡಿದ ಮುಖ ಹೊತ್ತು ಕೂತಿದ್ದರು. ನಾರಾಯಣಮ್ಮ ನಡುವೆಯೇ ಪಾತ್ರೆ ಇಳಿಸಿ ಮುಚ್ಚಳ ತೆಗೆದಳು. ಸೊಗಡು ಎದ್ದಿತು. ಮೊದಲನೆಯ ಸಾಲು ತಿರುಗಿತು, ಎರಡನೆಯ ಸಾಲು ತಿರುಗಿತು, ಘೋಷಣೆ ಕೂಗುತ್ತಿದ್ದವನ ಕೈ ಮೇಲೆತ್ತಿದಂತೆಯೇ ನಿಂತಿತು. ಮುಂದಾಳಿನಂತಿದ್ದ ಕನ್ನಡಕದ ಮೇಷ್ಟ್ರೊಬ್ಬರು ಓಡಿಬಂದು ಮುಚ್ಚಳ ಹಾಕಿ, ಪಾತ್ರೆಗೆ ಅಡ್ಡವಾಗಿ ತಮ್ಮ ಪಂಚೆ ಹರಡಿ ನಿಂತು, ಪೇಪರಿನವರು ಫೋಟೋ ತೆಗೆದರೆ ಕೆಟ್ಟೆವು ಎಂದು ತಮಿಳಿನಲ್ಲಿ ಬಡಬಡಿಸಿದರು. ನಾರಾಯಣಮ್ಮನಿಗೆ ಒಂದೂ ಅರ್ಥವಾಗಲಿಲ್ಲ. ಬಡಿಸಲು ಎಲೆ ಎಲ್ಲಿದೆ ಎಂದು ಕೇಳಿದಳು.

ಶಶಿಕಲಾ ಟೀಚರು ಎದ್ದು ಬಂದಳು. ಪಾತ್ರೆ ನೋಡಿದಳು, ನಾರಾಯಣಮ್ಮನನ್ನು ನೋಡಿದಳು, ಹರ್ಷಿತಾಳನ್ನು ನೋಡಿದಳು.

“ಆಯಮ್ಮ, ಇದೇನಿದು?”

“ಉಣ್ಣೋ ವ್ರತ ಅಂದ್ರಲ್ಲ ಟೀಚರಮ್ಮ. ಬರಿಗೈಲಿ ಹೆಂಗೆ ಬರೋದು?”

ಶಶಿಕಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಕುಲುಕತೊಡಗಿತು. ಟೀಚರು ಅಳುತ್ತಿದ್ದಾಳೆಂದು ನಾರಾಯಣಮ್ಮ ಹೆದರಿ ಹಿಡಿದುಕೊಂಡರೆ, ನಗು. ಕನ್ನಡಕದ ಮೇಷ್ಟ್ರಿಗೆ ತಮಿಳಿನಲ್ಲಿ ಹೇಳಿದಳು, ಅವರು ಪಕ್ಕದವರಿಗೆ ಹೇಳಿದರು; ಉಪವಾಸದ ಶಾಮಿಯಾನ ಸಾಲುಸಾಲಾಗಿ ನಕ್ಕಿತು. ಉಣ್ಣಾ ಅಂದರೆ ತಮಿಳಿನಲ್ಲಿ ಉಣ್ಣದೆ ಇರುವುದು ಎಂದು ಆಮೇಲೆ ಹರ್ಷಿತಾಳಿಗೂ ನಾರಾಯಣಮ್ಮನಿಗೂ ಬಿಡಿಸಿ ಹೇಳಿದಳು.

ನಾರಾಯಣಮ್ಮ ನಾಚಿ ತಲೆ ತಗ್ಗಿಸಿ ಪಾತ್ರೆಯನ್ನು ಆಚೆ ಬೇವಿನಮರದ ಕೆಳಕ್ಕೆ ಸಾಗಿಸಿದಳು. ಅಷ್ಟರಲ್ಲಿ ನಂದೀಶನ ಬೈಕು ಬಂದು ನಿಂತಿತು. ಮಗಳನ್ನು ಅಲ್ಲಿ ಕಂಡು ಬೆಚ್ಚಿದ. ನಾರಾಯಣಮ್ಮ ನಡೆದದ್ದು ಹೇಳಿದಳು. ಅವನಿಗೆ ನಗುವಷ್ಟು ಪುರುಸೊತ್ತಿರಲಿಲ್ಲ. ಜೇಬಿನಿಂದ ಅರ್ಜಿ ತೆಗೆದು ಟೀಚರ ಮುಂದೆ ಹಿಡಿದ.

ಶಶಿಕಲಾ ಓದಿ ಹಿಂದಕ್ಕೆ ಕೊಟ್ಟಳು. “ನಾನು ಮುಷ್ಕರದಲ್ಲಿದೀನಿ ನಂದೀಶ್. ಒಂದು ಸಹಿ ಹಾಕಿದ್ರೂ ಕೆಲಸ ಮಾಡ್ದಂಗಾಯ್ತದೆ.”

“ಅಂದ್ರೆ ನಿಮ್ಮ ಇಸ್ಕೂಲು ಬುಟ್ಟು ಹೋಗ್ಬೇಕು ಅಂದ್ರೂ ನೀವು ವಾಪಸ್ಸು ಬರಬೇಕಾ ಮೇಡಂ?”

“ಹೂಂ. ನನ್ನ ಬುಟ್ಟು ಹೋಗಬೇಕಾದ್ರೂ ಮೊದಲು ನನ್ನ ಗೆಲ್ಲಿಸಬೇಕು.”

ಈ ಬಾರಿ ನಂದೀಶನಿಗೂ ನಗು ಬಂತು, ಆದರೆ ಅರ್ಜಿಯನ್ನು ಒಳಗಿಡಲಿಲ್ಲ. ಮಗ ಒತ್ತಕ್ಷರ ಮರೆತದ್ದನ್ನು ಹೇಳಿದ. ಆ ಒಂದು ಮಾತಿಗೆ ಶಶಿಕಲಾಳ ಮುಖ ಇಳಿದುಹೋಯಿತು. ತನಗೂ ಅದು ಗೊತ್ತು, ದಿನವೂ ಅದೇ ಲೆಕ್ಕ ಹಾಕುತ್ತೇನೆ ಎಂದಳು. ಎಷ್ಟು ದಿನವಾಗುತ್ತದೋ ಹೇಳಲಾರೆ, ಕಾಯಿರಿ ಎನ್ನಲು ನನಗೆ ಬಾಯಿಲ್ಲ ಎಂದೂ ಹೇಳಿದಳು.

ನಾರಾಯಣಮ್ಮ ಒಂದು ಎಲೆ ಹಾಸಿ, ಮುದ್ದೆಯಿಟ್ಟು, ಸಾರು ಬಿಟ್ಟು ನಂದೀಶನನ್ನು ಕೂರಿಸಿದಳು. ಬೆಳಗಿನಿಂದ ಏನೂ ತಿಂದಿರದ ಅವನು ಕೂತ. ಒಂದು ಮುದ್ದೆ ಇಳಿದು ಎರಡನೆಯದಕ್ಕೆ ಕೈ ಹಾಕುವವರೆಗೂ ಅವಳು ಮಾತಾಡಲಿಲ್ಲ.

“ನಂದೀಶಪ್ಪ, ಫ್ಯಾಕ್ಟ್ರೀಲಿ ನಿನ್ನ ಪಕ್ಕದ ಮಿಶೀನಲ್ಲಿ ನಿಂತಿರೋನ್ಗೂ ನಿಂಗೂ ಒಂದೇ ಸಂಬಳವಾ?”

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಈ ಮಾತನ್ನು ಶ್ಯಾಮಣ್ಣನ ಅಂಗಡಿಯಲ್ಲಿ ಅವನೇ ಎಷ್ಟು ಸಲ ಆಡಿಕೊಂಡಿದ್ದನೋ. ಪರ್ಮನೆಂಟಿನವನು ಮಾಡುವುದೂ ಅದೇ ಪೀಸು, ತಾನು ಮಾಡುವುದೂ ಅದೇ ಪೀಸು. ಶಾಮಿಯಾನದ ಕಡೆ ತಿರುಗಿದ.

“ನಾವು ಹಿಂಗೆ ಕೂತ್ರೆ ಮಾರನೇ ದಿನವೇ ಗೇಟಿಂದ ಆಚ್ಗೆ ಹಾಕ್ತಾರೆ ಕಣಮ್ಮ. ಇವ್ರಾದ್ರೂ ಕೂತವ್ರೆ.” ಆಮೇಲೆ ಸೇರಿಸಿದ, “ಅಂಗಂತ ನನ್ ಮಕ್ಳು ಕಾಡು ಬೀಳ್ಬೇಕಾ?”

“ಬೀಳ್ಬಾರ್ದು. ನೀನು ಎಷ್ಟು ಓದಿದೀಯ?”

ಡಿಪ್ಲೊಮಾ ಎಂದ. ಬೆಳಗಿನ ಹೊತ್ತು ಏನು ಮಾಡುತ್ತೀಯ ಎಂದು ಕೇಳಿದಳು. ಈ ತಿಂಗಳೆಲ್ಲ ಬಿ ಶಿಫ್ಟು, ಮಧ್ಯಾಹ್ನ ಹೊರಡುವವರೆಗೆ ನಿದ್ದೆ ಎಂದ. ಹನ್ನೊಂದಕ್ಕೆ ಏಳುವವನು ಒಂಬತ್ತಕ್ಕೆ ಎದ್ದರೆ ತಲೆ ಹೋಗುವುದಿಲ್ಲ ಎಂದು ನಾರಾಯಣಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು. ಅವನಿಗೆ ಎದ್ದು ಹೋಗಲೂ ಆಗಲಿಲ್ಲ, ಕೈ ತುಂಬ ಸಾರು.

ಶಾಲೆಯ ಬೀಗ ತೆಗೆಯುವುದು ಬೇಡ, ತನ್ನ ಅಡುಗೆಮನೆ ಜಗಲಿಯಲ್ಲಿ ಇವನು ಮಕ್ಕಳನ್ನು ಕೂರಿಸಿಕೊಂಡರೆ ಮುಷ್ಕರ ಮುರಿದಂತಾಗುತ್ತದೆಯೇ ಎಂದು ಅವಳು ಟೀಚರನ್ನು ಕೇಳಿದಳು. ಶಶಿಕಲಾ ಯೋಚಿಸಿದಳು. ಅಡುಗೆಮನೆ ಜಗಲಿಯಲ್ಲಿ ಅಪ್ಪನೊಬ್ಬ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರೆ ತಾನು ನೋಡಿಲ್ಲ, ಕೇಳಿಲ್ಲ ಎಂದಳು. ಹಾಗೆಂದವಳು ಹರ್ಷಿತಾಳನ್ನು ಪಕ್ಕಕ್ಕೆ ಕರೆದು, ಯಾವ ತರಗತಿಗೆ ಯಾವ ಪುಟ, ತಮ್ಮನಿಗೆ ಯಾವ ಒತ್ತಕ್ಷರ ಎಂದು ಅರ್ಧ ಗಂಟೆ ಕೂತು ಹೇಳಿದಳು. ಸಹಿಗೆ ಅಡ್ಡಿಯಿತ್ತು, ಮಾತಿಗೆ ಯಾರ ಅಡ್ಡಿ? ನಂದೀಶ್ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಹರಿಯಲಿಲ್ಲ. ಅವನು ಯೋಚನೆ ಮಾಡುವ ಮನುಷ್ಯ.

ಸಂಜೆ ಐದಕ್ಕೆ ನಿಂಬೆಹಣ್ಣಿನ ಪಾನಕ ಕುಡಿದು ಆ ದಿನದ ಉಪವಾಸ ಮುಗಿಯಿತು. ಮೊದಲು ಬೇವಿನಮರದ ಕೆಳಕ್ಕೆ ಬಂದವರು ಕನ್ನಡಕದ ಮೇಷ್ಟ್ರು. ಮುದ್ದೆ ಮುರಿದು ನುಂಗುವುದು ಹೇಗೆಂದು ಹರ್ಷಿತಾ ಅವರಿಗೆ ತೋರಿಸಿಕೊಟ್ಟಳು. ಪಾತ್ರೆ ತೊಳೆಯುವ ಕೆಲಸವೇ ಇಲ್ಲದಂತೆ ಖಾಲಿಯಾಯಿತು.

ಸೋಮವಾರ ಹಳದಿ ವ್ಯಾನು ಬಂದು ಹಾರನ್ ಹೊಡೆದು ಹೋಯಿತು. ಉಳಿದ ನಾಲ್ಕು ಮನೆಯವರು ನಂದೀಶನ ಬಾಗಿಲು ನೋಡಿದರು. ಅವನು ಫ್ಯಾಕ್ಟರಿಯ ನೀಲಿ ಅಂಗಿ ತೊಟ್ಟು, ಆಕಳಿಸುತ್ತ, ಎರಡೂ ಮಕ್ಕಳ ಕೈ ಹಿಡಿದು ಅಡುಗೆಮನೆ ಕಡೆ ನಡೆದ. ಅವರ ಮಕ್ಕಳೂ ಹಿಂದೆಯೇ ಬಂದವು. ಅವನ ಪಾಠ ವಿಚಿತ್ರವಾಗಿತ್ತು. ಮಗ್ಗಿ ತಪ್ಪಿದವನಿಗೆ ‘ರಿಜೆಕ್ಟ್’ ಅನ್ನುತ್ತಿದ್ದ, ಸರಿ ಹೇಳಿದವನಿಗೆ ‘ಪಾಸ್, ಪ್ಯಾಕ್ ಮಾಡು’ ಅನ್ನುತ್ತಿದ್ದ. ಒತ್ತಕ್ಷರ ಬಂದಾಗ ಮಾತ್ರ ಹರ್ಷಿತಾಳ ಮುಖ ನೋಡುತ್ತಿದ್ದ. ಅವಳು ಅಪ್ಪನಿಗೂ ಒಂದೆರಡು ಸಲ ರಿಜೆಕ್ಟ್ ಅಂದಳು.

ಮುಂದಿನ ವಾರದ ಗುರುವಾರ ಶಶಿಕಲಾ ಟೀಚರು ಬಸ್ಸಿಳಿದಳು. ಪೂರಾ ಗೆದ್ದಿರಲಿಲ್ಲ. ಸಮಿತಿ ಮಾಡುತ್ತೇವೆ, ಬೇಸಿಗೆಯೊಳಗೆ ಹೇಳುತ್ತೇವೆ ಎಂದು ಮಾತು ಕೊಟ್ಟಿದ್ದಾರೆ, ತಪ್ಪಿದರೆ ಮತ್ತೆ ಕೂರುತ್ತೇವೆ ಎಂದು ಬೀಗ ತೆಗೆಯುತ್ತ ಹೇಳಿದಳು. ಆಮೇಲೆ ಹಾಜರಿ ಪುಸ್ತಕ ಬಿಚ್ಚಿದಳು.

ನಾರಾಯಣಮ್ಮ ಒಲೆಯ ಮುಂದೆಯೇ ಕೂತು, ಸೌಟು ಹಿಡಿದಂತೆಯೇ, ಇನ್ನೊಂದು ಕೈಯ ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸತೊಡಗಿದಳು. ಒಂದೊಂದು ಹೆಸರಿಗೂ ಒಂದೊಂದು ‘ಬಂದಿದೀನಿ ಟೀಚರ್’. ಹದಿನೇಳಾಯಿತು. ಹದಿನೆಂಟನೆಯ ಹೆಸರು ಕರೆದಾಗ ಉತ್ತರ ಬರಲಿಲ್ಲ. ಟೀಚರು ಮತ್ತೊಮ್ಮೆ ಕರೆದಳು. ನಾರಾಯಣಮ್ಮನ ಹೆಬ್ಬೆರಳು ಗೆಣ್ಣಿನ ಮೇಲೆಯೇ ನಿಂತಿತು.

“ಬಂದಿದೀನಿ ಟೀಚರ್,” ಎಂದಿತು ಹುಣಸೆಮರದ ಹಿಂದಿನಿಂದ ಹರ್ಷಿತಾಳ ತಮ್ಮನ ದನಿ. “ಒಂದಕ್ಕೆ ಬಂದಿದೀನಿ.”

ತರಗತಿಯೆಲ್ಲ ನಕ್ಕಿತು. ನಾರಾಯಣಮ್ಮ ಹೆಬ್ಬೆರಳನ್ನು ಹದಿನೆಂಟಕ್ಕೆ ಸರಿಸಿ, ಕುದಿಯುವ ಎಸರಿಗೆ ಅಕ್ಕಿ ಸುರಿದಳು.