ಹಿಡಿಯೊಳಗಿನ ಗುರುತು

ಹುಬ್ಬಳ್ಳಿಯ ಅಂದಾನಪ್ಪ ಎನ್ನುವವರು ಮಮತಾ ಕಳಿಸಿದ ಚೂರಿಯನ್ನು ನಕಲಿ ಎಂದು ಬರೆದು ಎರಡು ದಿನವಾಗಿತ್ತು. ಅವಳೊಬ್ಬಳಿಗೇ ಬರೆದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅವರು ಬರೆದದ್ದು ಹರಾಜಿನ ವೆಬ್‌ಸೈಟಿನಲ್ಲಿ, ಅವಳ ಹೆಸರಿನ ಕೆಳಗೇ, ದೇಶದವರೆಲ್ಲ ಓದುವಂತೆ. 'ಬಿಳಗಿ ಚೂರಿ ಎಂದು ಹೇಳಿ ನಕಲಿ ಮಾಲು ಕಳಿಸಿದ್ದಾರೆ, ಯಾರೂ ಮೋಸಹೋಗಬೇಡಿ.' ಬರೆದದ್ದು ಇಂಗ್ಲಿಷಿನಲ್ಲಿ. ಆದರೂ ಬೈಗುಳ ತಾಗಬೇಕಾದ ಜಾಗಕ್ಕೇ ತಾಗಿತ್ತು.

ಆ ಚೂರಿ ಮಾಡಿದವನು ಬಿಳಗಿಯ ಮಧುಕೇಶ್ವರ ಆಚಾರಿ. ಮಾರಿದವಳು ಅವನ ಸ್ವಂತ ಮಗಳು. ಇದಕ್ಕಿಂತ ಅಸಲಿಯಾದದ್ದು ಬೇಕೆಂದರೆ ಆಚಾರಿಯನ್ನೇ ಪೊಟ್ಟಣ ಕಟ್ಟಿ ಕಳಿಸಬೇಕಿತ್ತು.

ಇದು ಎರಡು ಸಾವಿರದ ಏಳನೆಯ ಇಸವಿಯ ಮಾತು. ಮಮತಾ ಸಿದ್ದಾಪುರ ಪೇಟೆಯ ಒಂದೇ ಕೋಣೆಯಲ್ಲಿ ಜೆರಾಕ್ಸು, ಟೈಪಿಂಗು, ಇಂಟರ್ನೆಟ್ಟು ಮೂರನ್ನೂ ನಡೆಸುತ್ತಿದ್ದಳು. ಬಿಳಗಿಯಲ್ಲಿ ಅಪ್ಪನ ಕುಲುಮೆ ಆರಿ ನಾಲ್ಕು ವರ್ಷವಾಗಿತ್ತು. ಶಿರಸಿಯ ಅಂಗಡಿಗಳಲ್ಲಿ ಕಾರ್ಖಾನೆಯ ಕತ್ತಿಗಳು ಡಜನುಗಟ್ಟಲೆ ಬಂದು ಬಿದ್ದಿರುವಾಗ ಆಚಾರಿಯ ಜಗಲಿಯ ಮೇಲೆ ಕೂತು ಕಾಯುವವರು ಯಾರು? "ದೀಪಾವಳಿ ಕಳೀಲಿ, ಅಡಿಗಲ್ಲು ಗುಜರಿಗೆ ಕೊಟ್ಟುಬಿಡ್ತೆ" ಎಂದು ಅಪ್ಪ ಒಂದು ದಿನ ಊಟದ ನಡುವೆ ಹೇಳಿದ. ಅಡಿಗಲ್ಲು ಹೆಸರಿಗೆ ಕಲ್ಲು, ಇರುವುದು ಕಬ್ಬಿಣದ ದಿಮ್ಮಿ. ಕಾಯಿಸಿದ ಕಬ್ಬಿಣವನ್ನು ಅದರ ಮೇಲಿಟ್ಟು ಮೂರು ತಲೆಮಾರು ಬಡಿದಿತ್ತು. ಅದು ಹೋಯಿತೆಂದರೆ ಕುಲುಮೆ ಹೋದ ಹಾಗೆ, ಕುಲುಮೆ ಹೋಯಿತೆಂದರೆ ಅಪ್ಪ ಜಗಲಿಯಲ್ಲಿ ಗೋಡೆ ನೋಡುತ್ತ ಕೂರುತ್ತಾನೆ. ಮಮತಾಳಿಗೆ ಹೆದರಿಕೆಯಾಯಿತು. ಅಪ್ಪನ ಕೆಲಸ ಬೇಕೆನ್ನುವವರು ಇನ್ನೂ ಇದ್ದಾರೆ ಎಂದು ತೋರಿಸಿಬಿಡಬೇಕು, ಆಮೇಲೆ ಅಡಿಗಲ್ಲು ಕೊಡುವ ಮಾತು ಅವನೇ ಬಿಡುತ್ತಾನೆ ಎಂದುಕೊಂಡಳು. ಪೆಟ್ಟಿಗೆಯ ತಳದಲ್ಲಿ ಕಡೆಯ ಸಲ ಮಾಡಿದ ಮೂರು ಸಣ್ಣ ಚೂರಿ ಉಳಿದಿದ್ದವು, ಎಲೆಯಡಿಕೆ ಕವಳದ ಸಂಚಿಯಲ್ಲಿ ಇಟ್ಟುಕೊಳ್ಳುವಂಥವು. ಅವನ್ನೇ ಹರಾಜಿಗೆ ಹಾಕಿದಳು.

ಹರಾಜು ಎನ್ನುವುದು ಇಷ್ಟು ಗೋಳಿನ ಕೆಲಸವೆಂದು ಮೊದಲೇ ಗೊತ್ತಿದ್ದರೆ ಅವಳು ಹಪ್ಪಳ ಮಾರುತ್ತಿದ್ದಳೋ ಏನೋ. ಮೊದಲ ಸಲ ಒಬ್ಬ ಎಲ್ಲರಿಗಿಂತ ಮೇಲೆ ಕೂಗಿ ಗೆದ್ದ, ಗೆದ್ದವನು ಗೆದ್ದಲ್ಲೇ ಮಾಯವಾದ. ಎರಡನೆಯವನು ಹದಿನಾಲ್ಕು ಪ್ರಶ್ನೆ ಕೇಳಿದ. ಉಕ್ಕು ಯಾವುದು, ತೂಕ ಎಷ್ಟು, ಬಿಳಗಿ ಅರಸರ ಮನೆತನದವರು ಯಾರಾದರೂ ಬಳಸಿದ್ದರೇ? 'ನಮ್ಮ ಅಪ್ಪ ಮಾವಿನಕಾಯಿ ಹೆಚ್ಚಿದ್ದಾನೆ' ಎಂದು ಅವಳು ನಿಜವನ್ನೇ ಬರೆದಳು. ಅವನ ಪತ್ತೆ ಇಲ್ಲವಾಯಿತು. ಮೂರನೆಯ ಸಲ ಗೆದ್ದವರು ಅಂದಾನಪ್ಪ. ಅವರು ಹಣ ಕಳಿಸಿದ ಮೇಲೆ ಕೊರಿಯರಿನವನು ಪೊಟ್ಟಣ ಮುಟ್ಟಲೇ ಒಪ್ಪಲಿಲ್ಲ. "ಆಯುಧ ಎಲ್ಲ ನಾವು ತಗಳೂದಿಲ್ಲ ಅಕ್ಕ" ಎಂದ. ಅವನೆದುರೇ ಚೂರಿಯಿಂದ ಅಡಿಕೆ ಕತ್ತರಿಸಿ, ಹೋಳನ್ನು ಅವನ ಕೈಗೇ ಕೊಟ್ಟು ಒಪ್ಪಿಸಬೇಕಾಯಿತು.

ಇಷ್ಟೆಲ್ಲ ಮಾಡಿ ಕಳಿಸಿದ್ದಕ್ಕೆ ನಕಲಿ ಎಂಬ ಬಿರುದು ಬಂತು. ಕಾರಣವನ್ನೂ ಅಂದಾನಪ್ಪ ವಿವರವಾಗಿ ಬರೆದಿದ್ದರು. ನಿಜವಾದ ಬಿಳಗಿ ಚೂರಿಯ ಅಲಗಿನ ಮೇಲೆ ಸೂರ್ಯನ ಮುದ್ರೆ ಇರುತ್ತದೆ, ಅದು ಅರಸರ ಕಾಲದಿಂದ ಬಂದದ್ದು, ತಮ್ಮ ಬಳಿ ಅಂಥವು ಹನ್ನೊಂದಿವೆ, ಇದರಲ್ಲಿ ಯಾವ ಮುದ್ರೆಯೂ ಇಲ್ಲ.

ಮಮತಾ ಹುಟ್ಟಿದಾಗಿನಿಂದ ಆ ಕುಲುಮೆ ನೋಡಿದವಳು. ಸೂರ್ಯನನ್ನು ಅಲ್ಲಿ ಮಾಡಿನ ಒಡೆದ ಹೆಂಚಿನಿಂದ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ವೆಬ್‌ಸೈಟಿನಲ್ಲಿ ಹುಡುಕಿದರೆ ಸೂರ್ಯನ ಚೂರಿಗಳು ನಿಜಕ್ಕೂ ಇದ್ದವು. ಮಾರುವವನ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು, ಬೆಲೆ ಮಾತ್ರ ಅವಳ ಚೂರಿಯ ಐದು ಪಟ್ಟು. ಸಿಟ್ಟಿನ ಭರದಲ್ಲಿ ಅವಳು ಒಂದನ್ನು ಕೊಳ್ಳಲು ಕೂತಳು. ಹರಾಜು ಮುಗಿಯಲು ಎರಡು ನಿಮಿಷವಿದ್ದಾಗ ಸಿದ್ದಾಪುರದ ಕರೆಂಟು ಹೋಯಿತು. ಮುಂದಿನ ವಾರ ಕರೆಂಟನ್ನು ನಂಬದೆ ಬಸ್ಸು ಹತ್ತಿ ಶಿರಸಿಗೆ ಹೋಗಿ ಅಲ್ಲಿಯ ಕೆಫೆಯಲ್ಲಿ ಕೂತಳು. ಕರೆಂಟು ಇತ್ತು, ಲೈನು ಸತ್ತಿತ್ತು. ಮೂರನೆಯ ಸಲ ಎಲ್ಲವೂ ಇತ್ತು, ಆದರೆ ಕಡೆಯ ಗಳಿಗೆಯಲ್ಲಿ ಇನ್ಯಾರೋ ಐದು ರೂಪಾಯಿ ಹೆಚ್ಚು ಹಾಕಿ ಹಾರಿಸಿಕೊಂಡು ಹೋದರು. ನಾಲ್ಕನೆಯದಕ್ಕೆ ಅಂತೂ ಗೆದ್ದಳು. ಪೊಟ್ಟಣ ಬಂದ ದಿನವೇ ಅದನ್ನು ಹಿಡಿದುಕೊಂಡು ಬಿಳಗಿಗೆ ಹೋಗಿ, ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದಳು.

ಚೂರಿಯನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ಅವರ ಮನೆಯಲ್ಲಿಲ್ಲ. ಅವಳು ನೆಲಕ್ಕಿಟ್ಟಳು, ಅಪ್ಪ ಎತ್ತಿಕೊಂಡ. ಉಗುರಿನಿಂದ ಅಲಗನ್ನು ಒಮ್ಮೆ ಚಿಮ್ಮಿದ. ಕಿವಿ ಹತ್ತಿರ ಹಿಡಿದು ಮತ್ತೊಮ್ಮೆ ಚಿಮ್ಮಿದ.

"ಇದು ಬೆಂಕಿ ಕಂಡದ್ದೇ ಅಲ್ಲ" ಎಂದ. "ತಗಡು ಕತ್ತರಿಸಿದ್ದು."

"ನಮ್ಮೂರ ಹೆಸರಲ್ಲಿ ಮಾರ್ತಾ ಇದ್ದಾರೆ ಅಪ್ಪ. ಇದು ಅಸಲಿಯಂತೆ, ನಿಂದು ನಕಲಿಯಂತೆ."

ಅಪ್ಪ ಕೂಗಾಡುತ್ತಾನೆ ಎಂದು ಅವಳು ಕಾದಿದ್ದಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಚೂರಿಯನ್ನು ಮೆಲ್ಲಗೆ ನೆಲಕ್ಕಿಟ್ಟು, "ಹಂಗಾರೆ ದೀಪಾವಳಿವರೆಗೆ ಎಂತಕ್ಕೆ ಕಾಯೋದು? ಬರೋ ಭಾನುವಾರ ಗುಜರಿಯವನಿಗೆ ಬರೂಕೆ ಹೇಳ್ತೆ" ಎಂದು ಎದ್ದುಹೋದ.

ಮಮತಾಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಪ್ಪನನ್ನು ಎಬ್ಬಿಸಿ ಕೂರಿಸಲು ಹೋಗಿ ಇನ್ನಷ್ಟು ಕುಗ್ಗಿಸಿ ಇಟ್ಟಿದ್ದಳು. ಅದೇ ಸಿಟ್ಟಿನಲ್ಲಿ ಅಂಗಡಿಗೆ ಬಂದು ಅಂದಾನಪ್ಪನವರಿಗೆ ಬರೆದಳು. ನಮ್ಮ ಮನೆಯಲ್ಲಿ ಅಲಗಿನ ಮೇಲೆ ಗುರುತು ಹಾಕುವುದಿಲ್ಲ, ಮಸೆದು ಮಸೆದು ಅದು ಅಳಿಸಿಹೋಗುತ್ತದೆ. ಹಿಡಿಯೊಳಗೆ ಹೋಗುವ ಬಾಲಕ್ಕೆ ಹಾಕುತ್ತೇವೆ. ಆಚಾರಿ ಅಲಗು ಮಾತ್ರ ಮಾಡಿ ಕೊಡುವುದು ವಾಡಿಕೆ. ತ್ಯಾಗಲಿ, ಮನ್ಮನೆ ಕಡೆಯ ತೋಟದವರು ಹಿಡಿಯನ್ನು ತಾವೇ ಹಾಕಿಕೊಳ್ಳುತ್ತಾರೆ, ಹಾಗಾಗಿ ಅವರೆಲ್ಲ ಗುರುತು ನೋಡಿದ್ದಾರೆ. ನಿಮಗೆ ಕಳಿಸಿದ್ದಕ್ಕೆ ಅಪ್ಪನೇ ಹಲಸಿನ ಹಿಡಿ ಹಾಕಿದ್ದರಿಂದ ನಿಮಗೆ ಕಾಣಲಿಲ್ಲ. ಹಿಡಿ ಒಡೆದು ನೋಡಿ.

ಮರುದಿನ ಅಂಗಡಿಗೆ ಫೋನ್ ಬಂತು.

"ನಮಸ್ಕಾರ್ರಿ, ನಾ ಅಂದಾನಪ್ಪ, ಹುಬ್ಬಳ್ಳಿಯಿಂದ ಮಾತಾಡಾಕತ್ತೀನಿ. ಹಿಡಿ ಒಡದು ನೋಡ್ರಿ ಅಂತ ಬರದೀರಿ. ಹಿಡಿ ಒಡದ ಚೂರಿಗೆ ಏನ್ ಬೆಲಿ ಉಳೀತದ್ರಿ?"

"ಸರ್, ಅದು ನಕಲಿ ಅಂತ ನೀವೇ ಬರೆದಿದ್ದೀರಿ. ನಕಲಿಗೆ ಬೆಲೆ ಎಂತದು? ಒಡೆದ್ರೆ ನಿಮಗೆ ಎಂತ ನಷ್ಟ?"

ಅಂದಾನಪ್ಪನವರ ದನಿ ತಗ್ಗಿತು. "ಒಳಗ ಏನೈತ್ರಿ?"

"ಮೂರು ಚುಕ್ಕೆ. ಒಂದು ನಮ್ಮ ಮುತ್ತಜ್ಜಂದು, ಒಂದು ಅಜ್ಜಂದು, ಒಂದು ಅಪ್ಪಂದು."

"ಇರಲಿಲ್ಲಂದ್ರ?"

"ನಿಮ್ಮ ದುಡ್ಡು ವಾಪಸ್. ನಾನು ಸುಳ್ಳಿ ಅಂತ ನನ್ನ ಅಂಗಡಿ ಬೋರ್ಡಿನ ಮೇಲೆ ನಾನೇ ಬರೆಸ್ತೇನೆ."

ಅಂದಾನಪ್ಪ ಫೋನ್ ಇಟ್ಟರು. ಆಮೇಲೆ ಮೂರು ದಿನ ಸುದ್ದಿಯಿಲ್ಲ. ಭಾನುವಾರ ಬೆಳಿಗ್ಗೆ ಬಿಳಗಿಯಲ್ಲಿ ಬಸ್ಸಿನಿಂದ ಒಬ್ಬರು ಇಳಿದು, ಆಚಾರಿಯ ಮನೆ ಯಾವುದೆಂದು ಕೇಳಿಕೊಂಡು ಬಂದರು. ಬಿಳಿ ಪಂಚೆ, ದಪ್ಪ ಕನ್ನಡಕ, ಹೆಗಲಲ್ಲಿ ಭಾರದ ಚೀಲ. ಅಂದಾನಪ್ಪ ಇವರೇ ಎಂದು ಜಗಲಿಯಲ್ಲಿದ್ದ ಮಮತಾಳಿಗೆ ಹೇಳಿಸಿಕೊಳ್ಳದೆಯೇ ಗೊತ್ತಾಯಿತು. ಹತ್ತಿ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿ ಚೂರಿ ಕೂಡಿಡುವ ಹವ್ಯಾಸಕ್ಕೆ ಬಿದ್ದವರು ಅವರು.

"ಕೈ ಬರಲಿಲ್ಲ ತಂಗಿ, ಒಡ್ಯಾಕ" ಎಂದರು ಅವರು. "ಮೂರ್ ಸಲ ಸುತ್ತಿಗಿ ಎತ್ತಿ ಇಳಿಸೀನಿ. ಮಾಡಿದವರ ಮುಂದ ಆಗ್ಲಿ ಅಂತ ಬಂದೆ."

ಚೀಲದಿಂದ ಮೊದಲು ಮಮತಾ ಕಳಿಸಿದ ಚೂರಿ ಬಂತು, ಆಮೇಲೆ ಸೂರ್ಯನ ಮುದ್ರೆಯ ಹನ್ನೊಂದು. ಜಗಲಿಯ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಅಪ್ಪ ಹನ್ನೊಂದರ ಕಡೆ ಒಮ್ಮೆ ಕಣ್ಣು ಹಾಯಿಸಿದ, ಅಷ್ಟೆ.

"ನಾನು ಸಾಕ್ಷಿ ಗೀಕ್ಷಿ ಹೇಳೂಕೆ ಬರೂದಿಲ್ಲ" ಎಂದ. "ಕೊಂಡವರು ನೀವು. ನೀವೇ ಒಡೆದು ನೋಡಿ."

ಮಮತಾ ಒಳಗಿನಿಂದ ಸುತ್ತಿಗೆ ತಂದಿಟ್ಟಳು. ಚೂರಿಯನ್ನು ಅಡಿಗಲ್ಲಿನ ಮೇಲೆ ಮಲಗಿಸಿದರು. ಗುಜರಿಯವನು ಬರುತ್ತಾನೆಂದು ಅಪ್ಪ ಬೆಳಿಗ್ಗೆಯೇ ಅಡಿಗಲ್ಲನ್ನು ಹಾರೆಯಿಂದ ಮೀಟಿ ಅಂಗಳಕ್ಕೆ ಉರುಳಿಸಿಟ್ಟಿದ್ದ. ಅಂದಾನಪ್ಪ ಕಣ್ಣು ಮುಚ್ಚಿ ಒಂದು ಪೆಟ್ಟು ಕೊಟ್ಟರು. ಹಲಸಿನ ಹಿಡಿ ಉದ್ದಕ್ಕೆ ಸೀಳಿ ಎರಡಾಗಿ ಬಿತ್ತು.

ಅವರು ಕನ್ನಡಕ ಒರೆಸಿಕೊಂಡು ಬಾಲದ ಮೇಲೆ ಬೆರಳಿಟ್ಟರು. ಮುಖದ ಮೇಲೆ ನಗು ಮೂಡಿತು. ಬೆರಳು ಇನ್ನೂ ಮುಂದೆ ಸರಿಯಿತು, ನಗು ನಿಂತಿತು.

"ತಂಗಿ, ಮೂರು ಅಂದಿದ್ದಿ. ನಾಕು ಅದಾವಲ್ಲ."

ಮಮತಾ ಬಗ್ಗಿ ನೋಡಿದಳು. ನಾಲ್ಕಿದ್ದವು. ಮೂರು ಒತ್ತಾಗಿ, ನಾಲ್ಕನೆಯದು ಸ್ವಲ್ಪ ದೂರದಲ್ಲಿ. ಅಪ್ಪನ ಪೆಟ್ಟಿಗೆಯಲ್ಲಿದ್ದ ಚೂರಿ ಅಪ್ಪನದಲ್ಲವೇ? ಅವನನ್ನು ಪರವೂರಿನವರ ಮುಂದೆ ಸುಳ್ಳನನ್ನಾಗಿ ಮಾಡಿದೆನೇ? ಅಪ್ಪನ ಮುಖ ನೋಡಿದಳು.

"ನಾಲ್ಕೇ" ಎಂದ ಅಪ್ಪ. "ಅವಳಿಗೆ ಗೊತ್ತಿಲ್ಲ."

"ನಾಕನೇದು ಯಾರದ್ರಿ?"

"ಅವಳದ್ದೇ."

ಆ ಮೂರು ಚೂರಿ ಮಾಡಿದ ವರ್ಷ, ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ಹಿಡಿಯುತ್ತಿದ್ದ ಹುಚ್ಚ ಎನ್ನುವವನು ಕೆಲಸ ಬಿಟ್ಟು ಗೋವಾ ಸೇರಿದ್ದ. ಮಮತಾ ಆಗಷ್ಟೇ ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ಆಚಾರಿ ಒಬ್ಬನೇ ಇಕ್ಕಳವನ್ನೂ ದೊಡ್ಡ ಸುತ್ತಿಗೆಯನ್ನೂ ಹಿಡಿಯಲಾಗುವುದಿಲ್ಲವಲ್ಲ, ಅವಳು ನಿಂತು ಬಡಿದಳು. ಎರಡು ತಿಂಗಳು. ಅಂಗೈ ತುಂಬ ಬೊಕ್ಕೆ ಎದ್ದಿತ್ತು, ಅಪ್ಪ ಒಂದು ದಿನವೂ ಚೆನ್ನಾಗಿದೆ ಎಂದವನಲ್ಲ. ಮನೆಯ ನೀರು ಹೊತ್ತ ಹಾಗೆ ಅದೂ ಒಂದು ಕೆಲಸ ಎಂದುಕೊಂಡು ಅವಳು ಮರೆತೇಬಿಟ್ಟಿದ್ದಳು.

ಅಪ್ಪ ಹೇಳುತ್ತಿದ್ದದ್ದು ಅಂದಾನಪ್ಪನವರಿಗೆ, ಮಗಳ ಕಡೆ ನೋಡಲೇ ಇಲ್ಲ. "ಎಲ್ಲಿ ಬಡೀಬೇಕು ಅಂತ ನಾನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತೋರಿಸ್ಬೇಕು, ಎದುರು ನಿಂತವ ಅಲ್ಲಿ ಬಡೀಬೇಕು. ಹುಚ್ಚ ಹತ್ತು ವರ್ಷ ಹಂಗೇ ಬಡಿದ. ಇವಳಿಗೆ ವಾರ ಕಳಿಯೋದ್ರೊಳಗೆ ತೋರಿಸೋದೇ ಬೇಡಾಯ್ತು. ನಾನು ತಟ್ಟೋ ಮೊದಲೇ ಸುತ್ತಿಗೆ ಅಲ್ಲಿಗೇ ಬರ್ತಿತ್ತು. ನನಗೆ ಅದು ಬರೂಕೆ ಆರು ವರ್ಷ ಹಿಡಿದಿತ್ತು. ಮತ್ತೆ ಗುರುತು ಹಾಕದೆ ಬಿಡೂಕಾಗ್ತದಾ?"

"ನಂಗೆ ಹೇಳ್ಲೇ ಇಲ್ಲ" ಎಂದಳು ಮಮತಾ.

"ನೀನು ಅಂಗಡಿ ಇಡ್ತೆ ಅಂದೆ. ಕಲಿತವಳು, ತಡೀಬಾರದು ಅಂತ ಸುಮ್ಮನಾದೆ. ನೀನು ಹೋದ ಮೇಲೆ ಎದುರಿಗೆ ಬಡಿಯೋರಿಲ್ಲ. ಕುಲುಮೆ ಮುಚ್ಚಿದ್ದು ಅದಕ್ಕೇ. ಗಿರಾಕಿ ಇಲ್ಲದ್ದಕ್ಕಲ್ಲ."

ಅವಳಿಗೆ ಅಳು ಬಂತು, ತಡೆಯಲು ಹೋಗಲಿಲ್ಲ. ನಾಲ್ಕು ವರ್ಷ ಗಿರಾಕಿಗಳನ್ನು ದೂರುತ್ತ, ಕಾರ್ಖಾನೆಯವರನ್ನು ಬೈಯುತ್ತ ಕೂತಿದ್ದಳು. ಅಂದಾನಪ್ಪ ಮುಖ ಆಚೆ ತಿರುಗಿಸಿ ತಮ್ಮ ಹನ್ನೊಂದು ಸೂರ್ಯರನ್ನು ಚೀಲಕ್ಕೆ ತುಂಬುತ್ತ, "ಇವನ್ನ ಏನ್ ಮಾಡೂದ್ರಿ ಈಗ?" ಎಂದು ಗೊಣಗಿದರು.

"ಬಾಳೆಕಾಯಿ ಹೆಚ್ಚೂಕಾಗ್ತದೆ" ಎಂದ ಅಪ್ಪ.

ಅಂದಾನಪ್ಪ ನಕ್ಕುಬಿಟ್ಟರು. "ನಾಳೇನ ಬರೀತೀನಿ ತಂಗಿ, ತಪ್ಪು ನಂದ ಅಂತ. ಹೊಸಾದು ಮಾಡಿದ್ರ ಮೊದಲನೇದು ನನಗ ಇರ್ಲಿ. ಹಿಡಿ ಹಾಕಬ್ಯಾಡ್ರಿ ಮತ್ತ, ಅದನ್ನ ನಾನ ಹಾಕ್ಕೋತೀನಿ."

ರಸ್ತೆಯಲ್ಲಿ ಗುಜರಿಯವನ ಟೆಂಪೊ ಬಂದು ನಿಂತು ಹಾರ್ನ್ ಹಾಕಿತು. ಮೂವರೂ ಅಂಗಳದಲ್ಲಿದ್ದ ಅಡಿಗಲ್ಲನ್ನು ನೋಡಿದರು. ಅಪ್ಪ ಈಗ ಮೊದಲ ಸಲ ಮಗಳ ಕಡೆ ತಿರುಗಿದ.

"ನನ್ನೊಬ್ಬಂದೇ ಆಗಿದ್ರೆ ಕೊಟ್ಟುಬಿಡ್ತಿದ್ದೆ. ನೀ ಎಂತ ಹೇಳ್ತೆ?"

"ಭಾನುವಾರ ನನ್ನ ಅಂಗಡಿಗೆ ರಜೆ" ಎಂದಳು ಮಮತಾ, ಕಣ್ಣು ಒರೆಸಿಕೊಳ್ಳುತ್ತ. "ಭಾನುವಾರ ಬಡೀಬಹುದು. ಸಾಕಾಗ್ತದಾ?"

ಅಪ್ಪ ಅವಳ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿದ. ಕೀಬೋರ್ಡು ಒತ್ತಿ ಒತ್ತಿ ಮೆತ್ತಗಾದ ಅಂಗೈ.

"ಮೊದಲ ಎರಡು ವಾರ ಬೊಕ್ಕೆ ಏಳ್ತದೆ, ಆಮೇಲೆ ಸಮಾ ಆಗ್ತದೆ" ಎಂದ. "ಗುಜರಿಯವನಿಗೆ ನೀನೇ ಹೇಳಿ ಕಳಿಸು. ಹಂಗೇ ಬರೋವಾಗ ಇದ್ದಲಿಗೂ ಹೇಳಿ ಬಾ."