ಪಟ್ಟಿಯಲ್ಲಿ ಇಲ್ಲದ ಹಾಲು

ವಿಮಾನ ಇಳಿಸುವ ಪರೀಕ್ಷೆಯಲ್ಲಿ ಫೇಲಾಗಿ ವರ್ಷಿಣಿ, ಚಂದ್ರಾ ಲೇಔಟಿನ ಮನೆಗೆ ಬಂದಿದ್ದಳು. ಇಳಿಯುವ ಮುನ್ನ ಪಟ್ಟಿ ಹಿಡಿದು ಪರಿಶೀಲಿಸುವಾಗ, ಪರೀಕ್ಷಕರು ಬೇಕೆಂದೇ ಆಫ್ ಮಾಡಿಟ್ಟಿದ್ದ ಫ್ಯೂಯಲ್ ಪಂಪಿನ ಸ್ವಿಚ್ಚನ್ನು ನೋಡದೆಯೇ "ಚೆಕ್" ಎಂದುಬಿಟ್ಟಿದ್ದಳು. ಮರುಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು.

ದಿನಾ ಬೆಳಿಗ್ಗೆ ನಡುಮನೆಯ ಪ್ಲಾಸ್ಟಿಕ್ ಕುರ್ಚಿಯೇ ಕಾಕ್‌ಪಿಟ್, ಗೋಡೆಗೆ ಅಂಟಿಸಿದ ಚಿತ್ರವೇ ಸ್ವಿಚ್ಚುಗಳು. ಮೊಮ್ಮಗಳು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ ಆ ಪಟ್ಟಿಯನ್ನು ಅಜ್ಜಿ ಮುನಿಲಕ್ಷ್ಮಮ್ಮ ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಕೂಗುತ್ತಿದ್ದರು.

"ಫ್ಯೂಯಲ್ ಪಂಪು?"

"ಚೆಕ್."

"ಲ್ಯಾಂಡಿಂಗ್ ಲೈಟು?"

"ಚೆಕ್."

"ಒಲೆ ಮೇಲಿನ ಹಾಲು?"

"ಚೆಕ್."

ಅಜ್ಜಿ ಪಟ್ಟಿ ಕೆಳಗಿಟ್ಟರು. "ಎಲ್ಲೇ ನೋಡ್ದೆ ನೀನು? ಬಾಯಿ ಒಂದ್ ಕಡೆ, ಕಣ್ಣೊಂದ್ ಕಡೆ!"

ಅಷ್ಟರಲ್ಲಿ ಸೀದ ವಾಸನೆ ಬಂತು. ವರ್ಷಿಣಿ ಅಡುಗೆಮನೆಗೆ ಓಡಿದಳು. ಹಾಲು ಉಕ್ಕಿ ಕಟ್ಟೆಯ ತುಂಬ ಹರಿದಿತ್ತು. ಒರೆಸುತ್ತಾ ಒರೆಸುತ್ತಾ ಮೊದಲು ನಗು ಬಂತು, ಆಮೇಲೆ ಅಳು.

"ಗೊತ್ತಿದ್ದೂ ಸುಮ್ನೆ ಕೂತಿದ್ಯಲ್ಲ ಅಜ್ಜಿ, ಹಾಲೆಲ್ಲ ಹೋಯ್ತು."

"ಹೋದ್ರೆ ಹೋಗ್ಲಿ. ನಾಳೆ ನಿನ್ ಹಿಂದೆ ಜನ ಕೂತಿರ್ತಾರೆ ಕಣೇ." ಅಜ್ಜಿ ಸೆರಗಿನಿಂದ ಅವಳ ಕಣ್ಣೊರೆಸಿದರು. "ಬಾ, ಮೊದಲಿಂದ ಶುರು ಮಾಡು. ಈ ಸಲ ಬೆರಳಿಟ್ಟು ಮುಟ್ಟಿ ಹೇಳು."

ಮರುಪರೀಕ್ಷೆಯ ದಿನ ವರ್ಷಿಣಿ ಒಂದೊಂದು ಸ್ವಿಚ್ಚನ್ನೂ ಮುಟ್ಟಿ, ನೋಡಿ, ಆಮೇಲೇ "ಚೆಕ್" ಎಂದಳು. ಪಟ್ಟಿ ಮುಗಿದರೂ ಬಾಯಿ ನಿಲ್ಲಲಿಲ್ಲ. "ಒಲೆ ಮೇಲಿನ ಹಾಲು?"

ಪರೀಕ್ಷಕರು ತಿರುಗಿ ನೋಡಿದರು. "ಏನಮ್ಮಾ ಅದು?"

"ಅದು ಮನೇದು ಸಾರ್," ಎಂದಳು, ರನ್‌ವೇಯಿಂದ ಕಣ್ಣು ತೆಗೆಯದೆ. "ನಮ್ಮಜ್ಜಿ ನೋಡ್ಕೋತಾ ಇರ್ತಾರೆ."