ಎಡಗೈಯ ಗೀರು

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಗಾಳಿಯಲ್ಲಿ ತೇವವಿಲ್ಲದ ಈ ನಾಲ್ಕು ವಾರಗಳಲ್ಲೇ ಗಡಿಯಾರದ ಉಕ್ಕಿನ ಮುಳ್ಳುಗಳಿಗೆ ನೀಲಿ ಚೆನ್ನಾಗಿ ಹತ್ತುವುದು. ಹಿತ್ತಾಳೆ ಪುಡಿ ತುಂಬಿದ ತಟ್ಟೆಯನ್ನು ಸಣ್ಣ ಉರಿಯ ಮೇಲಿಟ್ಟು, ಅದರ ಮೇಲೊಂದು ಮುಳ್ಳನ್ನು ಮಲಗಿಸಿ, ಮುಳ್ಳಕ್ಕ ಉಸಿರು ಬಿಗಿಹಿಡಿದು ಕೂತಿದ್ದಳು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ನೀಲಿಗೆ ತಿರುಗಿದ ಗಳಿಗೆಯಲ್ಲೇ ಎತ್ತಬೇಕು. ರೆಪ್ಪೆ ಬಡಿದರೆ ಕೆಟ್ಟಿತು. ಮೂವತ್ತು ವರ್ಷ ಇದನ್ನೇ ಮಾಡಿದ್ದಕ್ಕೆ ಕಾರ್ಖಾನೆಯವರು ಇಟ್ಟ ಹೆಸರು ಮುಳ್ಳಕ್ಕ. ಬಾಯಿ ನೋಡಿ ಇಟ್ಟಿದ್ದು ಎನ್ನುವವರೂ ಇದ್ದರು.

ಬಾಗಿಲು ದಬ್ಬಿಕೊಂಡು ಯಜಮಾನ ಬಂದ. ಅವಳ ದೊಡ್ಡಪ್ಪನ ಮಗ. ವಯಸ್ಸಿನಲ್ಲಿ ಎರಡು ವರ್ಷ ಕಿರಿಯ.

"ಜೋಡಿಸಿದ್ದಾಯ್ತೇನೇ? ಹನ್ನೆರಡಕ್ಕೆ ಕೊಳ್ಳೋರ ಕಡೆಯ ಪರೀಕ್ಷಕ ಬರ್ತಾನೆ."

"ಬಿಚ್ಚಿದ್ದಾಯ್ತು. ತೊಳೆದಿದ್ದಾಯ್ತು." ನೀಲಿಯಾದ ಮುಳ್ಳನ್ನು ಅವಳು ಉರಿಯಿಂದ ಎತ್ತಿಟ್ಟಳು.

ಪಕ್ಕದ ತಟ್ಟೆಯಲ್ಲಿ ತೊಂಬತ್ತೊಂದು ಚೂರುಗಳಾಗಿ ಬಿದ್ದಿತ್ತು ಈ ಮನೆತನದ ಮೊಟ್ಟಮೊದಲ ಕೈಗಡಿಯಾರ. ಅರವತ್ತು ವರ್ಷದ್ದು. ಹಳೆಯ ಗಡಿಯಾರಗಳ ಹುಚ್ಚು ಹಿಡಿದ ಶ್ರೀಮಂತನೊಬ್ಬ ಅದಕ್ಕೆ ಒಂದು ಮನೆ ಕೊಳ್ಳುವಷ್ಟು ಬೆಲೆ ಕಟ್ಟಿದ್ದ. 'ಸಂಸ್ಥಾಪಕರು ಒಬ್ಬರೇ ಕೂತು ತಮ್ಮ ಕೈಯಾರೆ ಮಾಡಿದ್ದು' ಎಂಬ ಕಾಗದಕ್ಕೆ ಕಾರ್ಖಾನೆಯ ಹಿರಿಯ ಕೆಲಸಗಾರ್ತಿಯ ರುಜು ಬೇಕಿತ್ತು. ಸಂಸ್ಥಾಪಕರೆಂದರೆ ಯಜಮಾನನ ಅಪ್ಪ.

ಯಜಮಾನ ಕಾಗದವನ್ನು ಅವಳ ಮುಂದೆ ಸರಿಸಿದ. ಅವಳು ಭೂತಗನ್ನಡಿಯನ್ನು ಅವನ ಮುಂದೆ ಸರಿಸಿದಳು.

"ಚಕ್ರಗಳನ್ನ ಹಿಡಿದಿಡೋ ಈ ಪಟ್ಟಿಯ ಕೆಳಮೈ ನೋಡು. ಅರದ ಗೀರು ಯಾವ ಕಡೆ ವಾಲಿದೆ?"

"ಯಾವ ಕಡೆಯಾದ್ರೆ ಏನೀಗ?"

"ಎಡಗೈಯಲ್ಲಿ ಅರ ಹಿಡಿದವನ ಗೀರು ಅದು. ನನ್ನಪ್ಪ ಎಡಚ. ನಿನ್ನಪ್ಪ ಅರ ಹಿಡಿದಿದ್ದನ್ನ ಯಾರೂ ಕಂಡಿಲ್ಲ. ದೊಡ್ಡಪ್ಪ ಪೆಟ್ಟಿಗೆ ಹಿಡ್ಕೊಂಡು ಊರೂರು ಸುತ್ತಿ ಗಡಿಯಾರ ಮಾರ್ತಿದ್ದರು. ಅದೇನು ಸಣ್ಣ ಕೆಲಸ ಅಲ್ಲ. ಅದನ್ನೇ ಬರಿ."

"ಸತ್ತೋರ ಜಗಳ ತೆಗೀಬೇಡ. ನಿನ್ನಪ್ಪ ಸಂಬಳದ ಆಳಾಗಿದ್ದ."

"ಒಡಹುಟ್ಟಿದ ತಮ್ಮ ಆಳೇನೋ?"

"ಸಂಬಳ ಎಣಿಸ್ಕೊಂಡ ಮೇಲೆ ಆಳೇ."

ಅವಳ ಮುಖಕ್ಕೆ ರಕ್ತ ಏರಿತು. ಪಟ್ಟಿಯನ್ನು ತಟ್ಟೆಗೆ ಮರಳಿಸಿದಳು. ಅಪ್ಪ ಕಣ್ಣು ಹೋದ ಮೇಲೂ ಬೆರಳಿನಿಂದಲೇ ಹಲ್ಲುಚಕ್ರ ಸವರಿ ದೋಷ ಹೇಳುತ್ತಿದ್ದ. ಕಾರ್ಖಾನೆಯ ಯಾವ ಗೋಡೆಯ ಮೇಲೂ, ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ. ಈ ಕಾಗದಕ್ಕೂ ರುಜು ಹಾಕಿದರೆ ಅವನು ಇದ್ದನೆಂಬುದೇ ಅಳಿಸಿಹೋಗುತ್ತಿತ್ತು.

ಅಷ್ಟರಲ್ಲಿ ಪರೀಕ್ಷಕ ಬಂದೇಬಿಟ್ಟ. ಮಾತು ಕಡಿಮೆಯ, ಬಡಕಲು ಮನುಷ್ಯ. ಪಟ್ಟಿಯನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ನಿಮ್ಮ ತಂದೆಯವರು ಎಡಚರಾ?" ಯಜಮಾನನನ್ನು ಕೇಳಿದ.

ಯಜಮಾನ ಅವಳತ್ತ ನೋಡಲಿಲ್ಲ. "ಹೂಂ, ಎಡಚರೇ. ಊಟ ಕೂಡ ಎಡಗೈಯಲ್ಲೇ."

ಹೆಸರಷ್ಟೇ ಅಲ್ಲ, ಅಪ್ಪನ ಕೈಯನ್ನೂ ಕಿತ್ತುಕೊಂಡನಲ್ಲ ಎಂದುಕೊಂಡಳು ಮುಳ್ಳಕ್ಕ.

"ಸರಿ, ಜೋಡಿಸಿ. ಓಡೋದನ್ನ ಒಮ್ಮೆ ನೋಡಿಬಿಡ್ತೀನಿ," ಎಂದ ಪರೀಕ್ಷಕ.

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಯಜಮಾನರೇ ಜೋಡಿಸ್ತಾರೆ. ಅಪ್ಪ ಮಾಡಿದ ಮೊದಲ ಗಡಿಯಾರ ನೋಡಿ, ಮಗನಿಗೆ ಗೊತ್ತಿರದೆ ಇರುತ್ತಾ?"

"ಏಯ್, ತಮಾಷೆ ಸಾಕು."

"ತಮಾಷೆ ಮಾಡೋ ಮುಖವಾ ಇದು? ಕೂತ್ಕೋ."

ಪರೀಕ್ಷಕ ಕಾದು ನಿಂತ. ಯಜಮಾನ ಚಿಮಟ ಹಿಡಿದ, ಹಿಡಿದದ್ದೇ ತಲೆಕೆಳಗು. ಒಂದು ತಿರುಪು ಎತ್ತಿದ, ಅದು ಜಾರಿ ನೆಲಕ್ಕೆ ಬಿತ್ತು. ಮೊಣಕಾಲೂರಿ ಹುಡುಕತೊಡಗಿದ. ಪರೀಕ್ಷಕ ಅವನ ಬೆನ್ನನ್ನೂ ಅವಳ ಮುಖವನ್ನೂ ಒಂದೊಂದು ಸಲ ನೋಡಿ ಚೀಲ ಮುಚ್ಚಿದ.

"ಓಡೋ ಹಾಗಾದ ಮೇಲೆ ಹೇಳಿ ಕಳಿಸಿ. ಯಾರು ಮಾಡಿದ್ದು ಅಂತಾನೂ ಆಗಲೇ ತಿಳಿಸಿ."

ಅವನು ಹೋದಮೇಲೆ ಯಜಮಾನ ಮಂಡಿಯ ಧೂಳು ಕೊಡವದೇ ಎದ್ದು ನಿಂತ.

"ಎಷ್ಟು ಬೇಕು ಹೇಳಿ ಸಾಯಿ."

"ದುಡ್ಡು ಯಾರು ಕೇಳಿದ್ರು? ನನ್ನಪ್ಪನ ಹೆಸರು ಬರಿ. ನಿನ್ನ ಅಕ್ಷರದಲ್ಲಿ. ಸಂಜೆಯೊಳಗೆ ಜೋಡಿಸಿ ಕೊಡ್ತೀನಿ."

"ನಾಳೆಯಿಂದ ಈ ಕಡೆ ಬರಬೇಡ ಅಂದ್ರೆ?"

"ಬರಲ್ಲ. ಆಮೇಲೆ ಇದನ್ನ ಜೋಡಿಸೋಕೆ ಯಾರ ಕೈಗೆ ಕೊಡ್ತೀಯೋ ಕೊಡು, ನೋಡೋಣ."

ಅವನು ಜೇಬಿನಿಂದ ಪೆನ್ನು ತೆಗೆದ. ಕಾಗದದ ಮೇಲೆ ಬಗ್ಗಿದ. ಹೆಸರೊಂದು ತುಟಿವರೆಗೆ ಬಂದಂತಿತ್ತು. ಚಿಕ್ಕಂದಿನಲ್ಲಿ ಇವನನ್ನು ಹೆಗಲ ಮೇಲೆ ಹೊತ್ತು ಓಡಾಡಿದ ಚಿಕ್ಕಪ್ಪನ ಹೆಸರು. ಎಷ್ಟೋ ಹೊತ್ತು ಹಾಗೇ ಬಗ್ಗಿದ್ದು, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಳಿಸಿದ.

ಅವನ ಹಿಂದೆ ಬಾಗಿಲು ಬಡಿದುಕೊಂಡಿತು. ಚೂರುಗಳನ್ನು ತಟ್ಟೆಯಲ್ಲೇ ಬಿಟ್ಟು ಮುಳ್ಳಕ್ಕ ಗೂಟದಿಂದ ತನ್ನ ಚೀಲ ತೆಗೆದುಕೊಂಡಳು.